ಮೃತ್ಯುಂಜಯನ ಹಿಂದಿನ ಸೀಟು

ಬೇಗೂರಿನ ಹಿಟ್ಟಿನ ಗಿರಣಿ ಮೃತ್ಯುಂಜಯನ ಫಜೀತಿಗೆಲ್ಲ ಕಾರಣ ಒಂದು ಹಿಂದಿನ ಸೀಟು. ಹೆಣ್ಣು, ಹೊನ್ನು, ಮಣ್ಣಿಗಾಗಿ ಕೆಟ್ಟವರ ಕತೆ ನಾವೆಲ್ಲ ಕೇಳಿದ್ದೇವೆ. ಸ್ಪಂಜು, ರೆಕ್ಸಿನ್ನು, ಎರಡು ಸ್ಪ್ರಿಂಗಿನ ಸೀಟೊಂದಕ್ಕಾಗಿ ಇಡೀ ಭಾನುವಾರ ಬೆವರು ಸುರಿಸಿದವನು ಆ ಸೀಮೆಯಲ್ಲಿ ಇವನೊಬ್ಬನೇ ಇರಬೇಕು.

ಮದುವೆಯಾಗಿ ಹದಿನೆಂಟು ವರ್ಷವಾದರೂ ಅವನ ಹೆಂಡತಿ ಶಶಿರೇಖಾ ಅವನ ಗಾಡಿಯ ಹಿಂದೆ ಕೂತವಳಲ್ಲ. ಇದ್ದದ್ದು ಒಂದು ಮೊಪೆಡ್ಡು. ಅದರ ಹಿಂದೆ ರಾಗಿ ಮೂಟೆ, ಮುಂದೆ ಗೋಧಿ ಮೂಟೆ, ನಡುವೆ ಹಿಟ್ಟು ಮೆತ್ತಿಕೊಂಡ ಮೃತ್ಯುಂಜಯ. ಕುದೇರಿನ ತವರಿಗೆ ಹೋಗಬೇಕಾದರೆ ಶಶಿರೇಖಾ ಬಸ್ಸು ಹತ್ತುತ್ತಿದ್ದಳು. ಇವನು ಗಿರಣಿ ಮುಚ್ಚಿ ಸಂಜೆಗೆ ಹೋಗಿ ಸೇರುತ್ತಿದ್ದ. ಮದುವೆಯ ಹೊಸದರಲ್ಲಿ, "ಒಂದಿನ ನಿನ್ನ ಹಿಂದ್ಗಡೆ ಕೂರಿಸ್ಕಂಡು ನಿಮ್ಮೂರ ಬೀದೀಲಿ ಮೆರವಣಿಗೆ ಮಾಡ್ತೀನಿ, ನೋಡ್ತಿರು" ಎಂದಿದ್ದ. ಶಶಿರೇಖಾ ಅದನ್ನು ಮರೆತಿದ್ದಳೋ ಏನೋ. ಇವನು ಮರೆತಿರಲಿಲ್ಲ. ಹೆಂಡತಿ ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದಾಗಲೆಲ್ಲ ಅವನಿಗೆ ಎದೆಯಲ್ಲಿ ಏನೋ ಚುಚ್ಚುತ್ತಿತ್ತು.

ಹೀಗಿರುವಾಗ ಚಾಮರಾಜನಗರದಲ್ಲಿ ಯಾರದೋ ಹಿತ್ತಲಲ್ಲಿ ಟಾರ್ಪಾಲಿನಡಿ ಬಿದ್ದಿದ್ದ ಹಳೆಯ ಬೈಕೊಂದು ಅಗ್ಗಕ್ಕೆ ಸಿಕ್ಕಿತು. ಎಷ್ಟು ಕಾಲದಿಂದ ಬಿದ್ದಿತ್ತೆಂದರೆ ಹರಿದ ಸೀಟಿನ ಹೊಟ್ಟೆಯಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಮಾರಿದವರು ಬೈಕು ಕೊಟ್ಟು ಮೊಟ್ಟೆ ಇಟ್ಟುಕೊಂಡರು. ಮೃತ್ಯುಂಜಯ ಅದನ್ನು ಲಗೇಜ್ ಆಟೊದಲ್ಲಿ ತಂದು ಗಿರಣಿಯ ಜಗಲಿಯ ಮೇಲೆ ಬಿಚ್ಚಿ ಹರಡಿದ. ಹಳೆಯ ಬೈಕನ್ನು ಕುಯ್ದು, ಬೆಸೆದು, ರಾಜಠೀವಿಯ ಹೊಸ ಗಾಡಿ ಮಾಡುವ ಗಡ್ಡದವರ ವಿಡಿಯೋಗಳನ್ನು ಅವನು ಫೋನಿನಲ್ಲಿ ಸಾಕಷ್ಟು ನೋಡಿದ್ದ. ಗಿರಣಿಯ ಸದ್ದಿನಲ್ಲಿ ಅವರ ಮಾತು ಒಂದೂ ಕೇಳಿಸಿರಲಿಲ್ಲ. ಕೈ ಆಡಿಸುವುದು ಕಂಡಿತ್ತು. ಅಷ್ಟು ಸಾಕೆಂದು ಕೆಲಸಕ್ಕೆ ಇಳಿದ.

ಮೊದಲು ಅವನ ಮನಸ್ಸಿನಲ್ಲಿದ್ದದ್ದು ಆ ಗಡ್ಡದವರ ಗಾಡಿಯಂಥದ್ದೇ: ಹಿಂಬದಿ ಆಕಾಶಕ್ಕೆದ್ದು, ಸೀಟು ಅಂಗೈ ಅಗಲ. ಕಾಫಿ ಲೋಟ ಹಿಡಿದು ಬಂದ ಶಶಿರೇಖಾ ಗಾಡಿಯನ್ನು ಒಂದು ಸುತ್ತು ಬಂದು ನಿಂತಳು.

"ಸೀಟು ಇಷ್ಟೆತ್ರ ಇದ್ರೆ ಯಾರು ಹತ್ತಾರು?"

ಮೃತ್ಯುಂಜಯನ ಕೈಯಿಂದ ಸ್ಪ್ಯಾನರು ಜಾರಿತು. ಹದಿನೆಂಟು ವರ್ಷದಲ್ಲಿ ಅವಳು ಯಾವ ಗಾಡಿಯ ಬಗ್ಗೆಯೂ ಒಂದು ಮಾತಾಡಿದವಳಲ್ಲ. "ತಗ್ಗಿಸ್ತೀನಿ ಬುಡು. ಎಷ್ಟು ತಗ್ಗಿಸ್ಲಿ?"

ಶಶಿರೇಖಾ ಗೇಣು ಹಾಕಿ ತೋರಿಸಿದಳು. ಆಮೇಲೆ ದಿನಾ ಸಂಜೆ ಕಾಫಿಯ ಜೊತೆ ಒಂದೊಂದು ಸಲಹೆಯೂ ಬರತೊಡಗಿತು. ಸೀಟು ಮಣೆಯಷ್ಟು ಅಗಲ ಇರಲಿ. ಬೆನ್ನಿಗೆ ಒರಗು ಬೇಕು. ಹೆಂಗಸರು ಒಂದೇ ಕಡೆ ಕಾಲು ಹಾಕಿ ಕೂರುವುದು, ಎರಡು ಪಾದವೂ ಊರುವಂಥ ಹಲಗೆ ಇರಲಿ. ಹಿಡಿದುಕೊಳ್ಳಲು ಒಂದು ಹಿಡಿ, ಚೀಲ ನೇತುಹಾಕಲು ಒಂದು ಕೊಕ್ಕೆ. ಸೈಲೆನ್ಸರು ಗುಡುಗಬಾರದು, ಎದೆ ನಡುಗುತ್ತದೆ. "ಒಂದ್ಸಲ ಕೂತು ನೋಡಮ್ಮಿ" ಎಂದು ಮೃತ್ಯುಂಜಯ ಕರೆದರೆ, "ಪೂಜೆ ಆಗ್ದೆ ಕೂರಬಾರ್ದು" ಎಂದು ಲೋಟ ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು. ಬಾಯಿಬಿಟ್ಟು ತನಗೆ ಬೇಕು ಎನ್ನುವ ಜಾತಿಯಲ್ಲ ಅವಳು, ನಾಚಿಕೆ ಪಾಪ, ಎಂದುಕೊಂಡು ಇವನು ಕರಗಿ ನೀರಾಗುತ್ತಿದ್ದ. ಗಡ್ಡದವರನ್ನು ಬಿಟ್ಟು ಹೆಂಡತಿಯ ಮಾತಿನಂತೆಯೇ ಗಾಡಿ ಕಟ್ಟಿದ. ಪೆಟ್ರೋಲ್ ಟ್ಯಾಂಕಿನ ವಿಷಯದಲ್ಲಿ ಮಾತ್ರ ಅವಳು ಏನೂ ಹೇಳಲಿಲ್ಲವಾಗಿ, ಚೆಂದಕ್ಕಿರಲಿ ಎಂದು ಸೋರೆಬುರುಡೆಯಷ್ಟು ಪುಟ್ಟದೊಂದನ್ನು ಕೂರಿಸಿದ.

ಬೆಸುಗೆ ಕೆಲಸವೆಲ್ಲ ಗೆಳೆಯ ರಾಚಯ್ಯನದು. ರಾಚಯ್ಯ ಗೇಟು, ಕಿಟಕಿ ಮಾಡುವವನು. ಹಾಗಾಗಿ ಸೀಟಿನ ಒರಗಿನಲ್ಲಿ ಕಿಟಕಿಯ ಗ್ರಿಲ್ಲಿನ ನವಿಲೊಂದು ಗರಿಬಿಚ್ಚಿ ನಿಂತಿತು. ಸೀಟಿನೊಳಗಿನ ಸ್ಪಂಜು ಪಕ್ಕದ ಮನೆಯ ಪುಟ್ಟಸಿದ್ದಮ್ಮನ ಹಳೆಯ ಹಾಸಿಗೆಯದು. ಇಬ್ಬರೂ ಕಾಸು ಮುಟ್ಟಲಿಲ್ಲ. ಬೇಗೂರಿನ ಕಡೆ ಮುಯ್ಯಾಳು ಪದ್ಧತಿ ಇನ್ನೂ ಸತ್ತಿಲ್ಲ: ಇವತ್ತು ನನ್ನ ಹೊಲಕ್ಕೆ ನೀನು ಬಂದರೆ ನಾಳೆ ನಿನ್ನ ಹೊಲಕ್ಕೆ ನಾನು. ಮೃತ್ಯುಂಜಯನೂ "ಮುಯ್ಯಿ ತೀರಿಸ್ತೀನಿ" ಎಂದಿದ್ದ. ಹೊಲದ ಮುಯ್ಯಿ ಹೊಲದಲ್ಲಿ ತೀರಿದರೆ ಗಾಡಿಯ ಮುಯ್ಯಿ ಎಲ್ಲಿ ತೀರಬೇಕು ಎಂಬುದನ್ನು ಅವನು ಯೋಚಿಸಿರಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ಒಂದೇ: ಆ ಸೀಟಿನ ಮೇಲೆ ಮೊದಲು ಕೂರುವವಳು ಶಶಿರೇಖಾ. ನರಪಿಳ್ಳೆಯೂ ಅವಳಿಗಿಂತ ಮುಂಚೆ ಕೂರಕೂಡದು.

ಭಾನುವಾರ ಬೆಳಗ್ಗೆ ಗಾಡಿಗೆ ವಿಭೂತಿ ಬಳಿದು, ಹೂವು ಮುಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆಯಾಯಿತು. ಶಶಿರೇಖಾ ಹೊಸ ಸೀರೆಯುಟ್ಟು, ಕುದೇರಿಗೆ ಹೊರಡಲು ಬ್ಯಾಗು ಹಿಡಿದು ಬಾಗಿಲಿಗೆ ಬಂದಳು. ಮೃತ್ಯುಂಜಯ ಇಸ್ತ್ರಿ ಶರಟಿನಲ್ಲಿ, ಹಿಟ್ಟಿಲ್ಲದ ಮುಖದಲ್ಲಿ, ಹೊಸ ಮದುಮಗನ ಹಾಗೆ ನಿಂತಿದ್ದ. ಅಷ್ಟರಲ್ಲಿ ರಾಚಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಬಂದೇ ಬಂದ.

"ಮುಯ್ಯಿ ತೀರ್ಸು ಬಾ ಕಣ್ಲಾ. ಗುಂಡ್ಲುಪೇಟೆ ಗಂಟ ಕರ್ಕಂಡೋಗು. ನಾ ಮಾಡಿದ್ ನವಿಲ್ಗೆ ನಾನೇ ಮೊದ್ಲು ಒರಗ್ಬೇಕು."

ಎಂದವನೇ ಹಿಂದಿನ ಸೀಟಿಗೆ ಕಾಲೆತ್ತಿದ. ಮೃತ್ಯುಂಜಯ ಎರಡೂ ಕೈ ಅಗಲಿಸಿ ಅಡ್ಡ ನಿಂತ. "ಕೂರ್ಬ್ಯಾಡ ಕಣ್ಲಾ! ಗೋಂದು ಒಣಗಿಲ್ಲ. ಪಂಚೆ ಸೀಟ್ಗೆ ಅಂಟ್ಕಂಡ್ರೆ ನಡುಬೀದೀಲಿ ನಿನ್ ಮಾನ ಓಯ್ತದೆ."

"ಮುಂದ್ಲ ಸೀಟು ಒಣಗ್ಯದಲ್ಲಾ?" ಎಂದ ರಾಚಯ್ಯ ಮುಂದೆ ಕೂತು, ಕಿಕ್ ಹೊಡೆದು, "ಒಂದೇ ರೌಂಡು" ಎನ್ನುತ್ತ ಹೊರಟುಹೋದ. ಆ ಒಂದು ರೌಂಡಿನಲ್ಲಿ ಬಸ್‌ಸ್ಟ್ಯಾಂಡು, ಟೀ ಅಂಗಡಿ, ಅವನ ಬೀಗರ ಬೀದಿ ಎಲ್ಲ ಸೇರಿದ್ದವು. ಬೆಳಗಿನ ಎಳೆಬಿಸಿಲು ಚುರುಕಾದ ಮೇಲೆ ಅವನು ಹಿಂತಿರುಗಿ, "ಸಂದಾಗದೆ ಕಣ್ಲಾ, ಬ್ರೇಕ್ ಮಾತ್ರ ಸ್ವಲ್ಪ ನಿಧಾನಕ್ ಯೋಚ್ನೆ ಮಾಡ್ತದೆ" ಎಂದು ಕೀಲಿ ಕೊಟ್ಟ.

ಇನ್ನೇನು ಹೊರಡಬೇಕು, ಪುಟ್ಟಸಿದ್ದಮ್ಮ ಚೆಂಡುಹೂವಿನ ಮೂಟೆ ಉರುಳಿಸಿಕೊಂಡು ಬಂದಳು. "ಮಗಾ, ಹೂವಿನ ಆಟೊ ಹೊಂಟೋಯ್ತು. ಗುಂಡ್ಲುಪೇಟೆ ಮಾರ್ಕೆಟ್ಗೆ ಹಾಕ್ಬುಡಪ್ಪ. ನನ್ ಹಾಸ್ಗೆ ಮೇಲೆ ಎಷ್ಟ್ ಸುಖ್ವಾಗಿ ಓಯ್ತಿದ್ದೀಯೆ ನೋಡು."

"ಅಜ್ಜಿ, ಹಿಂದ್ಗಡೆ ರೇಖಾ ಕೂತ್ಕಬೇಕು..."

"ಪಾಪ ಹಾಕ್ಕಂಡೋಗಿ ಕಣ್ರೀ," ಎಂದಳು ಶಶಿರೇಖಾ. "ಬಾಡೋಯ್ತವೆ. ನಾನು ಬಸ್ಸಲ್ಲಿ ಬತ್ತೀನಿ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಲ್ಲಿ ಸಿಕ್ಕನ." ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಅವಳಿಗೆ ಬಸ್ಸೆಂದರೆ ಪಕ್ಕದ ಮನೆ ಇದ್ದಂತೆ. ಮಾತು ಮುಗಿಯುವಷ್ಟರಲ್ಲಿ ಹೊರಟೇಬಿಟ್ಟಳು.

ಹೂವು ಮನುಷ್ಯನಲ್ಲ ನಿಜ. ಆದರೂ ಮೃತ್ಯುಂಜಯನಿಗೆ ಆ ಸೀಟಿನ ಮೇಲೆ ಹೂವಿನ ಮೂಟೆ ಇಡಲೂ ಮನಸ್ಸು ಬರಲಿಲ್ಲ. ಮೂಟೆಯನ್ನು ಮುಂದೆ ಟ್ಯಾಂಕಿನ ಮೇಲೆ ಕಟ್ಟಿಕೊಂಡ. ಈಗ ಅವನಿಗೆ ದಾರಿ ಕಾಣುತ್ತಿರಲಿಲ್ಲ. ದಾರಿಗೂ ಅವನು ಕಾಣುತ್ತಿರಲಿಲ್ಲ. ಹೆದ್ದಾರಿಯಲ್ಲಿ ಒಂದು ಚೆಂಡುಹೂವಿನ ಗುಡ್ಡ ತನ್ನಷ್ಟಕ್ಕೆ ಹೋಗುತ್ತಿದ್ದಂತಿತ್ತು. ಕೇರಳದ ಕಾರಿನವರು ನಿಧಾನಿಸಿ, "ಚೇಟಾ, ಒಂದು ಫೋಟೋ!" ಎಂದು ತಮ್ಮ ಭಾಷೆಯಲ್ಲಿ ಅಣ್ಣನೆಂದು ಕರೆದು ಕೈಬೀಸಿದರು. ಗುಂಡ್ಲುಪೇಟೆ ಹತ್ತಿರವಾಗುವಾಗ ಒಂದು ಬೀಡಾಡಿ ದನ ಮೂಟೆಯ ಬಾಯಿಗೆ ಬಾಯಿ ಹಾಕಿ, ಒಂದಷ್ಟು ದೂರ ಜೊತೆಯಲ್ಲೇ ಓಡಿಬಂತು. ಹೇಗೋ ಮಾರ್ಕೆಟ್ಟಿಗೆ ಹೂವು ಮುಟ್ಟಿಸಿ, ಶರಟಿನೊಳಗಿನ ಎಸಳು ಕೊಡವಿಕೊಂಡು, ಬಸ್‌ಸ್ಟ್ಯಾಂಡಿಗೆ ತಿರುಗಿಸುವಾಗ ಪೊಲೀಸ್ ಪೇದೆಯೊಬ್ಬರು ಕೈ ಅಡ್ಡ ಮಾಡಿದರು.

"ಏನಪ್ಪಾ ಇದು? ಗಾಡೀನೋ ಕಿಟಕೀನೋ?"

"ಗಾಡಿ ಸಾರ್. ಮನೇಲೇ ಮಾಡಿದ್ದು."

"ಅದು ಕಾಣ್ತದೆ. ನಡಿ, ಸ್ಟೇಷನ್ ಹತ್ರ ಹೋಗನ," ಎಂದು ಪೇದೆ ಹಿಂದಿನ ಸೀಟಿನ ಕಡೆ ಬಂದರು.

"ಸಾರ್! ಕೂರ್ಬೇಡಿ ಸಾರ್!" ಮೃತ್ಯುಂಜಯ ಕೂಗಿದ ಕೂಗಿಗೆ ಎಳನೀರು ಕೊಚ್ಚುತ್ತಿದ್ದವನ ಮಚ್ಚು ನಿಂತಿತು. "ನೀವೇ ಓಡಿಸ್ಕಂಡ್ ನಡೀರಿ. ನಾ ಹಿಂದ್ಗಡೆ ಓಡ್ಕಂಡ್ ಬತ್ತೀನಿ."

ಪೇದೆಗೆ ಅನುಮಾನ ಬಂತು. ಗಡಿ ಹತ್ತಿರದ ಊರು. ಸೀಟಿನೊಳಗೆ ಏನೇನು ಸಾಗುತ್ತದೋ ಯಾರು ಬಲ್ಲರು. ಸೀಟನ್ನು ಅಮುಕಿದರು, ತಟ್ಟಿದರು, ಕಿವಿಗೊಟ್ಟು ಕೇಳಿದರು. "ಏನಿಟ್ಟಿದೀಯ ಇದರಲ್ಲಿ? ನಿಜ ಬೊಗಳು."

ಮೃತ್ಯುಂಜಯ ನಿಜವನ್ನೇ ಹೇಳಿದ. ಮೊಪೆಡ್ಡು, ರಾಗಿ ಮೂಟೆ, ಮದುವೆಯ ಹೊಸದರ ಮಾತು, ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆಯುವ ಹೆಂಡತಿಯ ಬೆನ್ನು, ಎಲ್ಲ ಹೇಳಿದ. ಪೇದೆ ಟೋಪಿ ತೆಗೆದು ಹಣೆ ಒರೆಸಿಕೊಂಡರು.

"ಹದಿನೆಂಟು ವರ್ಷವಾ?" ಎಂದರು. ನವಿಲಿನ ಗರಿ ಸವರಿ, "ನಾನೂ ನಮ್ಮನೆಯವಳನ್ನ ಕೂರಿಸ್ಕಂಡು ಎಲ್ಲೂ ಹೋಗಿಲ್ಲ ಕಣಯ್ಯ. ಡ್ಯೂಟಿ ಡ್ಯೂಟಿ ಅಂತ್ಲೇ ಆಯ್ತು. ನಾಳೆ ಗಾಡಿ ತಗಂಡು ಆರ್‌ಟಿಓ ಆಫೀಸಿಗೆ ಹೋಗು, ತೋರ್ಸಿ ಒಪ್ಪಿಗೆ ತಗೋ. ಇವತ್ತು ಮೊದ್ಲು ಆಕೇನ ಕೂರಿಸ್ಕ. ಓಡು" ಎಂದರು.

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಪೇದೆ ಬಿಟ್ಟರು, ಬಸ್ಸು ಬಿಡಲಿಲ್ಲ. ಫೋನು ಹೊಡೆದುಕೊಂಡಿತು. "ರೀ, ಚಾಮರಾಜನಗರದ ಬಸ್ಸು ನಿಂತಿತ್ತು, ಕಿಟಕಿ ಪಕ್ಕ ಸೀಟ್ ಸಿಗ್ತು, ಹತ್ಬುಟ್ಟೆ. ನೀವು ಗಾಡಿ ಉಸಾರಾಗಿ ತಗಬನ್ನಿ. ಸೀಟ್ಗೆ ಏನೂ ಆಗಿಲ್ವಲ್ಲ?"

"ಸೀಟ್ಗೇನೂ ಆಗಿಲ್ಲ. ನಂಗೆ ಆಯ್ತದೆ," ಎಂದು ಮೃತ್ಯುಂಜಯ ಬಸ್ಸಿನ ಬೆನ್ನು ಹತ್ತಿದ.

ತೆರಕಣಾಂಬಿಯಲ್ಲಿ ಬಸ್ಸು ಸಿಕ್ಕಿತು. ಕಿಟಕಿಯಲ್ಲಿ ಶಶಿರೇಖಾ ಕಡಲೆಕಾಯಿ ತಿನ್ನುತ್ತ ಕೂತಿದ್ದಳು. ಇವನು ಪಕ್ಕಕ್ಕೆ ಗಾಡಿ ತಂದು, "ಇಳಿಯಮ್ಮಿ! ಇಲ್ಲೇ ಇಳಿ!" ಎಂದು ಅಂಗಲಾಚಿದ.

"ಚಾಮರಾಜನಗರ ಗಂಟ ಟಿಕೆಟ್ ಹರ್ದವ್ರೆ ಕಣ್ರೀ!"

"ಕಾಸಿಲ್ದ ಟಿಕೆಟ್ಟು ಕಣೆ ಅದು!"

"ಕಾಸಿಲ್ಲ ಅಂತ ದಂಡ ಮಾಡದಾ? ಸರ್ಕಾರದವ್ರು ಕೊಟ್ಟಿರದು!" ಬಸ್ಸಿನ ಹೆಂಗಸರೆಲ್ಲ ಶಶಿರೇಖಾಳ ಕಡೆಗೇ ಆದರು. ಒಬ್ಬಾಕೆ, "ಯಾರವ್ವ ಅದು, ಕಿಟಕಿ ಹೊತ್ಕಂಡು ಬತ್ತಾ ಅವ್ನೆ?" ಎಂದು ಕೇಳಿದ್ದು ಇವನಿಗೂ ಕೇಳಿಸಿತು. ಬಸ್ಸು ಹೊರಟಿತು. ಚಾಮರಾಜನಗರದಲ್ಲಾದರೂ ಇಳಿಯಲೇಬೇಕಲ್ಲ ಎಂದು ಇವನು ಹಿಂದೆ ಬಿದ್ದ. ಒಂದಷ್ಟು ದೂರ ಹೋಗುವಷ್ಟರಲ್ಲಿ ಗಾಡಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಸೋರೆಬುರುಡೆ ಬರಿದಾಗಿತ್ತು.

ಬಿಸಿಲು ನೆತ್ತಿಗೆ ಬಂದಿತ್ತು. ಮೃತ್ಯುಂಜಯ ಗಾಡಿ ತಳ್ಳುತ್ತ ನಡೆದ. ದಾರಿಯಲ್ಲಿ ಸಿಕ್ಕವರೆಲ್ಲ ನಿಂತು ನವಿಲು ನೋಡಿ, ಸೀಟು ಅಮುಕಿ, ಒಂದೊಂದು ಬುದ್ಧಿಮಾತು ಹೇಳಿ ಹೋದರು. ತಳ್ಳಲು ಮಾತ್ರ ಯಾರೂ ಕೈ ಹಾಕಲಿಲ್ಲ. ಇಸ್ತ್ರಿ ಶರಟು ಬೆನ್ನಿಗೆ ಅಂಟಿತು. ಪೆಟ್ರೋಲ್ ಬಂಕು ಮುಟ್ಟುವಾಗ ಶಶಿರೇಖಾ ಕುದೇರಿನ ಬಸ್ಸು ಹತ್ತಿ ಹೋಗಿಯೂ ಆಗಿತ್ತು. ಬೇರೆಯವನಾಗಿದ್ದರೆ ಗಾಡಿಯನ್ನು ಅಲ್ಲೇ ಗುಜರಿಗೆ ಹಾಕಿ ಮನೆಗೆ ಹೋಗುತ್ತಿದ್ದ. ಇವನು ಸೀಟಿನ ಧೂಳನ್ನು ಕರ್ಚೀಫಿನಿಂದ ಒರೆಸಿದ. ಬರುವಾಗ ಹೋದರೆ ಹೋಯಿತು, ವಾಪಸು ಹೋಗುವಾಗ ಕೂರಲೇಬೇಕಲ್ಲ. ಅವಳ ಊರ ಬೀದಿಯಲ್ಲೇ, ಅವಳ ನೆಂಟರಿಷ್ಟರ ಎದುರಿಗೇ ಕೂರಿಸಿಕೊಂಡು ಹೊರಟರಾಯಿತು. ಹಾಗೆ ನೋಡಿದರೆ ಆಡಿದ ಮಾತೂ ಅದೇ ತಾನೆ ಎಂದುಕೊಂಡಾಗ ಅವನಿಗೆ ಹಸಿವೂ ಮರೆಯಿತು.

ಕುದೇರಿನಲ್ಲಿ ಮಾವನ ಮನೆಯ ಮುಂದೆ ಜನವೇ ನಿಂತಿತ್ತು. ಬಾಮೈದ ಸೋಮೇಶ್ ಓಡಿಬಂದು, "ಭಾವಾ, ಏನ್ ಗಾಡಿ ಭಾವ!" ಎಂದು ಹ್ಯಾಂಡಲ್ ಹಿಡಿದ. ಶಶಿರೇಖಾ ಗಂಡನ ಮುಖ ನೋಡುವ ಮೊದಲು ಸೀಟು ನೋಡಿದಳು. ಅಂಗೈಯಿಂದ ಅಮುಕಿದಳು. ಹಿಡಿ ಜಗ್ಗಿದಳು. ಹಲಗೆಯ ಮೇಲೆ ತಾನೇ ಕಾಲಿಟ್ಟು ಭಾರ ಹಾಕಿದಳು. ಈಗ ಕೂರುತ್ತಾಳೆ, ಈಗ ಕೂತಳು ಎಂದು ಮೃತ್ಯುಂಜಯ ಉಸಿರು ಬಿಗಿಹಿಡಿದ.

ಶಶಿರೇಖಾ ಮನೆಯೊಳಕ್ಕೆ ತಿರುಗಿ ಕೂಗಿದಳು. "ಅವ್ವಾ, ಬಾ. ಕೂತ್ಕ ನೋಡನ."

ಒಳಗಿನಿಂದ ಅತ್ತೆ ಗಂಗಾಂಬಿಕಮ್ಮ ಹೊರಬಂದರು. ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ, ಎಣ್ಣೆ ಹಚ್ಚಿ ಬಾಚಿದ ಬಿಳಿಕೂದಲು, ಹಣೆಯಲ್ಲಿ ವಿಭೂತಿ, ತೋಳಿನಲ್ಲಿ ಎಲೆಅಡಿಕೆ ಚೀಲ. ಮೃತ್ಯುಂಜಯನ ಬಾಯಿಂದ "ಗೋಂದು..." ಎಂಬಷ್ಟು ಮಾತ್ರ ಹೊರಟಿತು. ಅತ್ತೆ ಮಗಳ ಭುಜ ಹಿಡಿದು, ಮೆಲ್ಲಗೆ ತಿರುಗಿ, ಆ ಸೀಟಿನ ಮೇಲೆ ಕೂತೇಬಿಟ್ಟರು.

ಕೂತದ್ದೆಂಥದು! ಎರಡು ಪಾದವೂ ಹಲಗೆಯ ಮೇಲೆ ಸರಿಯಾಗಿ ಊರಿದವು. ಬೆನ್ನು ನವಿಲಿಗೆ ಒರಗಿತು. ಬಲಗೈಗೆ ಹಿಡಿ ತಾನಾಗಿ ಸಿಕ್ಕಿತು. ಎಲೆಅಡಿಕೆ ಚೀಲ ಕೊಕ್ಕೆಗೆ ಹೋಗಿ ನೇತಾಡಿತು.

"ಅಳತೆ ತಗಂಡು ಮಾಡ್ದಂಗದಲ್ಲೇ ರೇಖಾ!" ಎಂದರು ಗಂಗಾಂಬಿಕಮ್ಮ.

"ಅಳತೆ ತಗಂಡೇ ಮಾಡ್ಸಿದ್ದು ಕಣವ್ವ. ಹೋದ್ಸಲ ಬಂದಾಗ ಕಾಲು ಒತ್ತಾ ಒತ್ತಾ ಗೇಣಾಕ್ಲಿಲ್ವಾ ನಾನು?"

ಮೃತ್ಯುಂಜಯನಿಗೆ ಆ ಸಂಜೆಗಳೆಲ್ಲ ಒಟ್ಟಿಗೆ ನೆನಪಾದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಎಷ್ಟೋ ವಾಸಿ. ಇಲ್ಲಿ ತುತ್ತು ಕಲಸಿದ್ದೇ ಬೇರೆಯವರ ಬಾಯಿಗೆ. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅತ್ತೆ ಅವನ ಕೈ ಹಿಡಿದುಕೊಂಡರು.

"ಅಳಿಯಂದ್ರೇ, ಮಗಳ ಮನೆ ಹೊಸ್ಲು ತುಳ್ದು ಐದು ವರ್ಷಾಯ್ತು. ಬಸ್ಸಿನ ಮೆಟ್ಲಿಗೆ ಈ ಕಾಲು ಏಳಲ್ಲ. ಕಾರು ಹತ್ತುದ್ರೆ ಊರಾಚೆ ಹೋಗಗಂಟ ತಡಿಯಲ್ಲ, ವಾಂತಿ. ಸಾಯದ್ರೊಳ್ಗ ಒಂದ್ಸಲ ನಿನ್ ಅಡ್ಗೆಮನೇಲಿ ಕೂತು ಒಂದ್ ರೊಟ್ಟಿ ತಿಂತೀನಾ ಅಂತ ಇವ್ಳ್ ತಾವ ಅಳ್ತಿದ್ದೆ. ನೀವು ಇದ್ದ ಕೆಲ್ಸ ಬುಟ್ಟು, ನನಗೋಸ್ಕರ ಕೈಯಾರೆ ಗಾಡಿ ಕಟ್ಕಂಡು ಕರ್ಯಕೆ ಬಂದಿರಲ್ಲಪ್ಪಾ..." ಎನ್ನುತ್ತಿದ್ದಂತೆ ಅವರ ಕಣ್ಣಿಂದ ನೀರು ಇಳಿಯಿತು.

ಮೃತ್ಯುಂಜಯ ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಹೂಂ ಅತ್ತೆ," ಎಂದ. "ನಿಮಗೋಸ್ಕರವೇ ಅಲ್ವಾ ಮಾಡಿದ್ದು."

ಊಟಕ್ಕೆ ಕೈತೊಳೆಯುವಾಗ ಹಿತ್ತಲಲ್ಲಿ ಶಶಿರೇಖಾ ಸಿಕ್ಕಳು. "ನಂಗೊಂದ್ ಮಾತು ಹೇಳ್ಬಾರ್ದಿತ್ತಾ?" ಎಂದು ಕೇಳಿದ. ಅವಳು ಚೊಂಬಿನಿಂದ ನೀರು ಹನಿಸುತ್ತ, "ಅವ್ವಂಗೆ ಅಂದಿದ್ರೆ ಮಾಡ್ತಿದ್ರಿ. ನಂಗೆ ಅಂತ ಅಂದ್ಕಂಡ್ರಲ್ಲ, ಅದಕ್ಕೆ ಇಷ್ಟು ಸಂದಾಗಿ ಮಾಡಿದ್ರಿ" ಎಂದಳು. ಮೃತ್ಯುಂಜಯ ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆದ.

ಬಿಸಿಲು ಇಳಿದ ಮೇಲೆ ಮೆರವಣಿಗೆ ಹೊರಟಿತು. ಮೃತ್ಯುಂಜಯ ತನ್ನ ಹೆಲ್ಮೆಟ್ಟು ತೊಟ್ಟ. ಸೋಮೇಶ್ ತನ್ನದನ್ನು ಅವ್ವನ ತಲೆಗೆ ತೊಡಿಸಿ ಪಟ್ಟಿ ಬಿಗಿದ. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡಿದರು. ಗಂಗಾಂಬಿಕಮ್ಮ ಒಂದೊಂದು ಬಾಗಿಲಿಗೂ, "ಮಗಳೂರ್ಗೆ ಓಯ್ತಾವ್ನಿ, ಅಳಿಯಂದ್ರು ಕರ್ಯಕೆ ಬಂದವ್ರೆ" ಎಂದು ಹೇಳುತ್ತ ಬಂದರು. ಊರು ದಾಟಿದ ಮೇಲೆ ಹಿಂದಿನಿಂದ ಅವರ ಮಾತು ಶುರುವಾಯಿತು. ಗಾಡಿ ತೊಟ್ಟಿಲಿದ್ದಂಗದೆ, ಒಂದು ತಿಂಗಳು ಬೇಗೂರಲ್ಲಿ ಇರುತ್ತೇನೆ, ಆಮೇಲೆ ಪುಣಜನೂರಲ್ಲಿ ತಂಗಿಯನ್ನು ನೋಡಿ ಎಷ್ಟೋ ಕಾಲವಾಯಿತು, ಅಲ್ಲಿಗೊಮ್ಮೆ, ಬರುವಾಗ ಅಣ್ಣನ ಮಗಳ ಮನೆಗೂ ಒಮ್ಮೆ. "ಸೀಟು ಎಲ್ಲೂ ಹೋಗಲ್ವಲ್ಲ ಅಳಿಯಂದ್ರೇ?" ಎಂದು ಕೇಳಿದರು. ಎಲ್ಲೂ ಹೋಗುವುದಿಲ್ಲ ಎಂದು ಮೃತ್ಯುಂಜಯ ಒಪ್ಪಿಕೊಂಡ.

ಹಿಂದಿನಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸು ಬಂತು. ಅದು ಪಕ್ಕಕ್ಕೆ ಬಂದಾಗ ಕಿಟಕಿಯಲ್ಲಿ ಶಶಿರೇಖಾ ಕಂಡಳು. ಎರಡೂ ಕೈಯಲ್ಲಿ ಕಂಬಿ ಹಿಡಿದು, ನವಿಲಿಗೊರಗಿ ಕೂತ ಅವ್ವನನ್ನು ನೋಡುತ್ತಿದ್ದಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಆಮೇಲೆ ಅವಳ ಕಣ್ಣು ಇವನ ಕಡೆ ತಿರುಗಿತು. ಹದಿನೆಂಟು ವರ್ಷದಲ್ಲಿ ಅವಳ ಅಂಥ ಮುಖವನ್ನು ಅವನು ನೋಡಿರಲಿಲ್ಲ. ಅವಳು ಹಿಂದೆ ಕೂತಿದ್ದರೆ ಇವತ್ತೂ ಕಾಣುತ್ತಿರಲಿಲ್ಲ.

ಅವನು ನೋಡುತ್ತಲೇ ಇದ್ದ. ಅವನ ಹೆಲ್ಮೆಟ್ಟಿನ ಮೇಲೆ ಹಿಂದಿನಿಂದ ಎರಡು ಏಟು ಬಿತ್ತು.

"ಅಳಿಯಂದ್ರೇ, ಅವ್ಳನ್ ಮನೆಗೋಗಿ ನೋಡೀರಂತೆ. ಈಗ ರೋಡ್ ನೋಡಿ!"